ಎದೆಗೆ ಕೊಟ್ಟ ಸೆಂಟ್ರಿಂಗ್

ನಮ್ಮ ಮನೆಯವರು ಸೆಂಟ್ರಿಂಗ್ ಮೇಸ್ತ್ರಿ. ಹಾಗೆಂದರೇನು ಎಂದು ಕೇಳಿದವರಿಗೆ ನಾನು ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಗತ್ತಿನಲ್ಲೇ ಹೇಳುತ್ತೇನೆ. ಮನೆಗೆ ತಾರಸಿ ಹಾಕುವಾಗ ಹಸಿ ಕಾಂಕ್ರೀಟು ಗಾಳಿಯಲ್ಲಿ ನಿಲ್ಲುವುದಿಲ್ಲ. ಕೆಳಗೆ ಹಲಗೆ ಜೋಡಿಸಿ, ಹಲಗೆಗೆ ಕಂಬ ಕೊಟ್ಟು, ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲಿಸಬೇಕು. ಗಟ್ಟಿಯಾದ ಮೇಲೆ ಹಲಗೆ, ಕಂಬ ಎಲ್ಲ ಬಿಚ್ಚಿಕೊಂಡು ಮುಂದಿನ ಮನೆಗೆ ಹೋಗಬೇಕು. ಅದೇ ಸೆಂಟ್ರಿಂಗ್. ಗೋಡೆ ಕಟ್ಟಿದವನ ಕೆಲಸ ಕಾಣುತ್ತದೆ, ಬಣ್ಣ ಬಳಿದವನ ಕೆಲಸ ಕಾಣುತ್ತದೆ. ಇವರ ಕೆಲಸ ಮಾತ್ರ ಗೃಹಪ್ರವೇಶಕ್ಕೆ ಬಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಇವರಿಗೇನೂ ಬೇಸರವಿಲ್ಲ, ಬದಲಿಗೆ ಹೆಮ್ಮೆ. ಬೇಸರವೆಲ್ಲ ನನ್ನ ಪಾಲಿಗೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಇವರು ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ನನ್ನನ್ನು ಟೀಚರಮ್ಮ ಎಂದೇ ಕರೆಯುವುದು. ಯಾವುದು ಯಾವುದು ಎನ್ನುವುದನ್ನು ನಾನು ದನಿಯಲ್ಲಿ ತಿಳಿದುಕೊಳ್ಳಬೇಕು. ಊರಂಚಿನ ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಕೊಂಡ ಸೈಟಿನಲ್ಲಿ ಇವರೇ ನಿಂತು ಕಟ್ಟಿದ ಮನೆ ನಮ್ಮದು. ಊರಿಗೆಲ್ಲ ತಾರಸಿ ಹಾಕಿಕೊಟ್ಟವರ ಮನೆಯ ಮಹಡಿ ಮೆಟ್ಟಿಲಿಗೆ ಇವತ್ತಿಗೂ ರೇಲಿಂಗ್ ಇಲ್ಲ. ಕೇಳಿದರೆ, ಮುಂದಿನ ತಿಂಗಳು ಹಾಕಿಸೋಣ ಅನ್ನುತ್ತಾರೆ.

ಇವರ ಹಠ ಎಂಥದ್ದು ಎಂದು ತಿಳಿಯಬೇಕಾದರೆ ಒಂಟಿಕೊಪ್ಪಲಿನ ಒಂದು ಮನೆಯ ವಿಷಯ ಹೇಳಬೇಕು. ಆ ಮನೆಯ ಯಜಮಾನರು ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿ, ಕಾರ್ಡನ್ನೂ ಹಂಚಿಬಿಟ್ಟಿದ್ದರು. ತಾರಸಿ ಹಾಕಿ ಇನ್ನೂ ವಾರ ಕಳೆದಿತ್ತಷ್ಟೆ. ಸೆಂಟ್ರಿಂಗ್ ಬಿಚ್ಚಿದರೆ ನೆಲದ ಕೆಲಸ ಶುರು ಮಾಡಬಹುದಲ್ಲ ಎಂದು ಅವರಿಗೆ ಅವಸರ. ಇವರು ಆಗುವುದಿಲ್ಲ ಅಂದರು. ಅವತ್ತು ಭಾನುವಾರ, ನಾನು ಊಟದ ಕ್ಯಾರಿಯರ್ ಹಿಡಿದುಕೊಂಡು ಹೋದಾಗ ಜಗಳ ನಡೆಯುತ್ತಿತ್ತು. ಮನೆ ನನ್ನದು, ಖರ್ಚು ನನ್ನದು, ಹೇಳಿದಷ್ಟು ಮಾಡಯ್ಯ ಎಂದು ಅವರು ರೇಗುತ್ತಿದ್ದರು. ಇವರು ಹೊಸಿಲಿಗೆ ಅಡ್ಡಲಾಗಿ ಕಾಂಕ್ರೀಟು ಹೊರುವ ಬಾಂಡ್ಲಿ ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತಿದ್ದರು. ದನಿ ಏರಿಸಲಿಲ್ಲ.

"ಮನೆ ನಿಮ್ದು ಸ್ವಾಮಿ. ಸೆಂಟ್ರಿಂಗ್ ನಂದು. ನಾಳೆ ಇದರ ಕೆಳಗೆ ನಿಮ್ಮ ಮಕ್ಕಳುಮರಿ ಮಲಗ್ತವೆ. ನಾನು ಬಿಚ್ಚು ಅನ್ನೋಗಂಟ ಒಂದು ಮೊಳೆ ಅಲ್ಲಾಡಂಗಿಲ್ಲ."

ಅಲ್ಲಾಡಲಿಲ್ಲ. ಕೊನೆಗೆ ಆ ಮನೆಯವರು ಕಂಬಗಳ ನಡುವೆಯೇ ಒಲೆ ಹೂಡಿ ಹಾಲುಕ್ಕಿಸಿದರು. ಪುರೋಹಿತರು ಅಡ್ಡಪಟ್ಟಿಗಳ ಕೆಳಗೆ ಸೊಂಟ ಬಗ್ಗಿಸಿಕೊಂಡೇ ಮನೆಯೆಲ್ಲ ತೀರ್ಥ ಚಿಮುಕಿಸಿದರು. ಬಂದ ನೆಂಟರು ಕಂಬಕ್ಕೆ ಹಣೆ ಬಡಿಸಿಕೊಂಡು ಊಟ ಮಾಡಿ ಹೋದರು. ಇವರೂ ಒಂದು ಮೂಲೆಯಲ್ಲಿ ಕುಳಿತು, ನಾಚಿಕೆಯಿಲ್ಲದೆ ಎರಡು ಸಲ ಪಾಯಸ ಹಾಕಿಸಿಕೊಂಡರು.

ಇಂಥ ಮನುಷ್ಯನಿಗೆ ಎದೆ ಹಿಡಿದದ್ದು ನಮ್ಮ ಮನೆಯ ಆ ಮೆಟ್ಟಿಲ ಮೇಲೆಯೇ. ಮಹಡಿಗೆ ಹಪ್ಪಳ ಒಣಗಿಸುವ ಚಾಪೆ ತೆಗೆದುಕೊಂಡು ಹೋಗಿ ಅಂದಿದ್ದೆ. ಅರ್ಧ ಹತ್ತಿದವರು ಚಾಪೆ ಇಟ್ಟು ಅಲ್ಲೇ ಕುಳಿತರು. ಗ್ಯಾಸು ಕಣೇ, ಒಂದು ಸೋಡಾ ಕುಡಿದರೆ ಹೋಗ್ತದೆ ಎಂದರು. ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಸೋಡಾನೂ ಬೇಡ ಗೀಡಾನೂ ಬೇಡ ಎಂದು ಆಟೋ ಹತ್ತಿಸಿದೆ. ಆಸ್ಪತ್ರೆಯಲ್ಲಿ ಸಣ್ಣದೊಂದು ಹಾರ್ಟ್ ಅಟ್ಯಾಕ್ ಆಗಿದೆ ಅಂದರು. ಅವತ್ತೇ ಮಣಿಕಟ್ಟಿನಿಂದ ಸಣ್ಣ ನಳಿಗೆ ತೂರಿಸಿ ಆಂಜಿಯೋಗ್ರಾಂ ಮಾಡಿದರು.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಕಂಪ್ಯೂಟರಿನಲ್ಲಿ ಇವರ ಎದೆಯ ರಕ್ತನಾಳ ತೋರಿಸಿದರು. ಒಂದು ಕಡೆ ನಾಳ ಇರುವೆಯ ಸೊಂಟದಷ್ಟು ಕಿರಿದಾಗಿತ್ತು. ನಾಳೆ ಅಲ್ಲಿ ಬಲೂನು ಊದಿ ಅಗಲ ಮಾಡಿ, ಮತ್ತೆ ಕುಸಿಯದ ಹಾಗೆ ಒಂದು ಸ್ಟೆಂಟ್ ಕೂರಿಸುತ್ತೇವೆ ಎಂದರು. ಬಾಲ್ ಪೆನ್ನಿನ ಸ್ಪ್ರಿಂಗಿನಂಥ ಸಣ್ಣ ಲೋಹದ ಜಾಲರಿ, ಅದರ ಮೇಲೆ ಔಷಧಿಯ ಲೇಪ. ಇವರು ಬಹಳ ಗಮನವಿಟ್ಟು ಕೇಳಿದರು. ಕೇಳಿ ಆದಮೇಲೆ ಒಂದೇ ಪ್ರಶ್ನೆ ಹಾಕಿದರು.

"ಅದನ್ನ ಯಾವಾಗ ಬಿಚ್ತೀರಾ ಸಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಇವರ ಕಸುಬು ಏನು, ಅದರಲ್ಲಿ ಏನು ಕಟ್ಟುತ್ತಾರೆ, ಯಾವಾಗ ಬಿಚ್ಚುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಅವರು ನಕ್ಕು, ಇದನ್ನು ಬಿಚ್ಚುವುದಿಲ್ಲ ಮೇಸ್ತ್ರಿಗಳೇ, ಜೀವ ಇರುವ ತನಕ ಒಳಗೇ ಇರುತ್ತದೆ ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪ್ರಾಮಾಣಿಕ ಮನುಷ್ಯ, ತಾನಾಗಿ ಕರಗಿಹೋಗುವಂಥದ್ದೂ ಒಂದು ಇದೆ ಎಂದು ಸೇರಿಸಿದರು. ಅದಕ್ಕೆ ಸ್ಕ್ಯಾಫೋಲ್ಡ್ ಅನ್ನುತ್ತಾರಂತೆ. ಗಾಯಕ್ಕೆ ಹಾಕುವ ಹೊಲಿಗೆ ಕರಗುತ್ತದಲ್ಲ, ಹೆಚ್ಚುಕಡಿಮೆ ಆ ಥರದ ಪದಾರ್ಥ. ನಾಳವನ್ನು ಕೆಲವು ಕಾಲ ಎತ್ತಿ ಹಿಡಿದು, ಎರಡು ಮೂರು ವರ್ಷದಲ್ಲಿ ಮೆಲ್ಲಗೆ ಕರಗಿ, ಆಮೇಲೆ ನಾಳ ತನ್ನ ಪಾಡಿಗೆ ತಾನು ನಿಲ್ಲಲಿ ಎನ್ನುವುದು ಅದನ್ನು ಕಂಡುಹಿಡಿದವರ ಆಸೆ.

ಇವರ ಮುಖ ಅರಳಿಹೋಯಿತು. ಹಾಸಿಗೆಯಲ್ಲಿ ಎದ್ದು ಕುಳಿತು ಡಾಕ್ಟರನ್ನೇ ತಿದ್ದಿದರು. ಸ್ಕ್ಯಾಫೋಲ್ಡಿಂಗ್ ಅಂದರೆ ಗೋಡೆಯ ಹೊರಗೆ ನಿಂತು ಕೆಲಸ ಮಾಡಲು ಕಟ್ಟುವುದು ಸಾ, ಒಳಗಿಂದ ಎತ್ತಿ ಹಿಡಿಯೋದು ಸೆಂಟ್ರಿಂಗು, ನನಗೆ ಅದನ್ನೇ ಹಾಕಿಬಿಡಿ ಅಂದರು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವ ಹಾಗೆ! ನಾನು ಹೊದಿಕೆಯ ಕೆಳಗೆ ಕಾಲು ಚಿವುಟಿದೆ. ಕಾಲು ಎಳೆದುಕೊಂಡರೇ ಹೊರತು ಮಾತು ಹಿಂತೆಗೆದುಕೊಳ್ಳಲಿಲ್ಲ.

ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು ಎರಡನ್ನೂ ಹೋಲಿಸಿ ವಿವರಿಸಿದರು. ಕರಗುವ ಪದಾರ್ಥಕ್ಕೆ ಲೋಹದಷ್ಟು ತ್ರಾಣವಿಲ್ಲ. ತ್ರಾಣ ಬರಬೇಕಾದರೆ ಅದರ ಎಳೆ ದಪ್ಪ ಇರಬೇಕು. ನಾಳ ಸಣ್ಣದಿದ್ದು ಎಳೆ ದಪ್ಪವಾದರೆ, ಹರಿಯುವ ರಕ್ತ ಅಲ್ಲಿ ತಡವರಿಸಿ ಹೆಪ್ಪುಗಟ್ಟುವ ಭಯ ಹೆಚ್ಚು. ಮೊದಮೊದಲು ಬಂದವುಗಳಲ್ಲಿ ಹಾಗೆ ಆಗಿ, ಡಾಕ್ಟರುಗಳೇ ಹಿಂಜರಿದರಂತೆ. ಈಗ ಎಳೆ ತೆಳ್ಳಗೆ ಮಾಡಿದ ಹೊಸವು ಬಂದಿವೆ, ಕೆಲವರಿಗೆ ಹೊಂದುತ್ತವೆ. ನಿಮಗೆ ಹೊಂದುವುದಿಲ್ಲ ಎಂದರು. ಇವರ ನಾಳ ಸಣ್ಣದು, ಅದರ ಗೋಡೆಯಲ್ಲಿ ಸುಣ್ಣ ಕಟ್ಟಿತ್ತು, ಅದೂ ತಿರುವಿನ ಜಾಗ. ಅಲ್ಲಿಗೆ ತೆಳ್ಳಗಿದ್ದೂ ಗಟ್ಟಿಯಾದ ಲೋಹವೇ ಬೇಕು. ಅದರ ಮೇಲಿನ ಔಷಧಿ ಕೆಲವು ತಿಂಗಳು ಮೆಲ್ಲಗೆ ಬಿಡುಗಡೆಯಾಗಿ, ಒಳಗೆ ಮಾಂಸ ಬೆಳೆದು ದಾರಿ ಮತ್ತೆ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಸಂಜೆಯೊಳಗೆ ಯೋಚಿಸಿ ಹೇಳಿ ಎಂದು ಎದ್ದು ಹೋದರು.

ಯೋಚನೆ ಏನು ಮಾಡುವುದು? ನನಗಂತೂ ಲೋಹವಾಗಲಿ ಮಣ್ಣಾಗಲಿ, ಮನುಷ್ಯ ಎದ್ದು ಮನೆಗೆ ಬಂದರೆ ಸಾಕಿತ್ತು. ಇವರು ಮಾತ್ರ ಗೋಡೆ ಕಡೆ ತಿರುಗಿ ಮಲಗಿದರು. ಹುಷಾರಿಲ್ಲದವರ ಮೇಲೆ ರೇಗಬಾರದು ಎಂದು ಹಲ್ಲುಕಚ್ಚಿ ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ, ನಿಮಗೇನು ಬಂತು ಧಾಡಿ, ಡಾಕ್ಟರು ಹೇಳಿದ್ದು ಕೇಳಬಾರದೇ ಎಂದು ಕೇಳಿಯೇಬಿಟ್ಟೆ.

ಇವರು ಗೋಡೆಗೇ ಹೇಳಿದರು. "ಇಷ್ಟು ವರ್ಷ ಯಾರ ಮನೇಲೂ ನಂದು ಅಂತ ಒಂದು ಮೊಳೆ ಬಿಟ್ಟು ಬಂದಿಲ್ಲ ಕಣೇ. ಈಗ ನನ್ನೊಳಗೇ ಒಂದು ಬಿಟ್ಕೊಂಡು ಓಡಾಡ್ಲಾ?"

ಆ ಮಾತಿಗೆ ಉತ್ತರ ಸಂಜೆ ಬಂದ ಡಾಕ್ಟರ ಹತ್ತಿರ ಇತ್ತು. ಅವರು ಯಾದವಗಿರಿಯಲ್ಲಿ ಅಪ್ಪನ ಕಾಲದ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರಂತೆ, ದಿನ ಬೆಳಗಾದರೆ ಅದೇ ತಲೆಬಿಸಿಯಂತೆ. ತಾರಸಿಯೊಳಗೆ ಕಬ್ಬಿಣದ ಕಂಬಿ ಕಟ್ಟುತ್ತಾರಲ್ಲ, ಅದನ್ನು ಯಾವಾಗ ಬಿಚ್ಚಿಕೊಂಡು ಹೋಗುತ್ತೀರಾ ಮೇಸ್ತ್ರಿಗಳೇ ಎಂದು ಕೇಳಿದರು. ಕಾಂಕ್ರೀಟು ಕಂಬಿಯನ್ನು ಮುಚ್ಚಿಕೊಳ್ಳುವ ಹಾಗೆ, ನಿಮ್ಮ ನಾಳದ ಒಳಪದರವೇ ಬೆಳೆದು ಈ ಜಾಲರಿಯನ್ನು ಮುಚ್ಚಿಕೊಳ್ಳುತ್ತದೆ, ಆಮೇಲೆ ಅದು ಹೊರಗಿನ ವಸ್ತುವಲ್ಲ, ನಿಮ್ಮ ಗೋಡೆಯ ಭಾಗವೇ ಎಂದರು.

ಇವರು ವಾರ್ಡಿನ ತಾರಸಿಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಕೊನೆಗೆ, "ಕಂಬಿ ಅಂದ್ರೆ ಸರಿ ಬುಡಿ ಸಾ," ಅಂದರು. ಮಾರನೆಯ ದಿನ ಸ್ಟೆಂಟ್ ಹಾಕಿದರು. ಒಳಗೆ ಎಚ್ಚರವಾಗೇ ಇದ್ದು, ಪರದೆಯ ಮೇಲೆ ತಮ್ಮ ಎದೆಯನ್ನು ತಾವೇ ನೋಡಿದರಂತೆ. ಲೆವೆಲ್ ಸರಿಯಾಗಿ ಕೂರಿಸಿದ್ದಾರೆ ಎಂದು ಹೊರಗೆ ಬಂದು ನನಗೆ ಸರ್ಟಿಫಿಕೇಟ್ ಕೊಟ್ಟರು.

ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆಗಳ ಬಗ್ಗೆ ಒತ್ತಿ ಒತ್ತಿ ಹೇಳಿದರು. ಒಳಪದರ ಬೆಳೆದು ಲೋಹವನ್ನು ಪೂರ್ತಿ ಮುಚ್ಚುವ ತನಕ ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಹಾಗೆ ಆಗದಂತೆ ಎರಡು ಮಾತ್ರೆ. ಒಂದು ವರ್ಷವಾದರೂ ತೆಗೆದುಕೊಳ್ಳಬೇಕು, ಒಂದು ಹೊತ್ತೂ ತಪ್ಪಿಸಬಾರದು, ನಾವು ಹೇಳದೆ ನಿಲ್ಲಿಸಲೇಬಾರದು. ನಿಲ್ಲಿಸಿದರೆ ನಾಳ ಇದ್ದಕ್ಕಿದ್ದಂತೆ ಮುಚ್ಚಿಹೋಗಿ ಪ್ರಾಣಕ್ಕೇ ಕುತ್ತು ಬರಬಹುದು. ನೀವು ಕೇಳಿದ ಕರಗುವ ಥರದ್ದಾಗಿದ್ದರೆ ಮಾತ್ರೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತಿತ್ತು ಎಂದೂ ಹೇಳಿದರು. ಇವರು ಎಲ್ಲದಕ್ಕೂ ಹೂಂಗುಟ್ಟಿದರು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಸುಳ್ಳೇಕೆ, ಮದುವೆಯಾದಾಗಿನಿಂದ ನಾವಿಬ್ಬರೂ ಅಷ್ಟು ಹೊತ್ತು ಜೊತೆಗೆ ಇದ್ದದ್ದೇ ಇಲ್ಲ. ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಸಂಜೆ ಬಸ್ ಹತ್ತಿ ಯಾದವಗಿರಿಗೋ ಒಂಟಿಕೊಪ್ಪಲಿಗೋ ಹೋಗಿ ನಿಧಾನವಾಗಿ ನಡೆಯುತ್ತಿದ್ದೆವು. ನಾನು ಕಾಂಪೌಂಡಿನ ಮೇಲೆ ಹಬ್ಬಿದ ಹೂ ನೋಡಿದರೆ ಇವರು ಪೋರ್ಟಿಕೋದ ಅಡಿಭಾಗ ನೋಡುವುದು. ಕತ್ತು ಎತ್ತಿಕೊಂಡು ರಸ್ತೆಯಲ್ಲಿ ನಿಂತರೆ ಮನೆಯವರು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ನನಗೆ ಮುಜುಗರ. ಒಂದು ಮನೆಯ ಮುಂದೆ ಇವರು ನನ್ನ ತೋಳು ಹಿಡಿದು ನಿಲ್ಲಿಸಿದರು. ಅಲ್ಲಿ ಪ್ಲಾಸ್ಟರ್ ಮಾಡದೆ ಬಿಟ್ಟ ಕಾಂಕ್ರೀಟಿನ ಮೇಲೆ ಹಲಗೆಯ ನಾರಿನ ಗುರುತು ಇನ್ನೂ ಉಳಿದಿತ್ತು. ನಾವು ಕೊಟ್ಟ ಹಲಗೆ, ಕಂಬ ಒಂದೂ ಇಲ್ಲಿಲ್ಲ, ಆದರೂ ನಿಂತದೆ ನೋಡು ಎಂದರು. ಆ ಕ್ಷಣ ಇವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟೆ.

ಇವರು ಗಡ್ಡ ಹೆರೆದುಕೊಳ್ಳುವುದು ಹಿತ್ತಲಿನಲ್ಲಿ. ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ತೆಂಗಿನ ಮರದ ಪಾತಿಯ ಪಕ್ಕದಲ್ಲಿ ನಿಂತು. ಕೈ ಒರಟು, ರೇಜರ್ ಹಳೆಯದು, ಗದ್ದದ ಹತ್ತಿರ ಒಂದು ಗುಳಿ. ಅಲ್ಲಿ ಆಗಾಗ ಕೊಯ್ದುಕೊಳ್ಳುವುದು ಮೊದಲಿನಿಂದಲೂ ಇದ್ದದ್ದೇ. ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಮಾತ್ರ ಒಂದು ಸಣ್ಣ ಗೀರಾದರೂ ರಕ್ತ ನಿಲ್ಲುತ್ತಿರಲಿಲ್ಲ. ಪಟಿಕದ ಕಲ್ಲು ಒತ್ತಿಕೊಂಡು ಕಾಫಿ ಕುಡಿದು ಪೇಪರ್ ಓದಿ ಮುಗಿಸಿದರೂ ಟವೆಲಿನ ಮೇಲೆ ಕಲೆ. ಆ ಎರಡು ಮಾತ್ರೆಗಳ ಗುಣವೇ ಅದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಟವೆಲ್ ಒಗೆಯುವವಳು ನಾನಾದ್ದರಿಂದ ದಿನಾ ಗೊಣಗುತ್ತಿದ್ದೆ.

ಚಳಿಗಾಲದ ಒಂದು ಬೆಳಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದೆ. ಇವರು ಹಾ ಎಂದರು. ಅದೇ ಗುಳಿ, ಚೆನ್ನಾಗೇ ಕೊಯ್ದುಕೊಂಡಿದ್ದರು. ಎರಡು ಹನಿ ರಕ್ತ ಬಂತು. ಹೆಬ್ಬೆರಳಲ್ಲಿ ಒರೆಸಿಕೊಂಡರು, ನಿಂತುಹೋಯಿತು. ಮುಖ ತೊಳೆದು ಒಳಗೆ ಹೋದರು. ಸದ್ಯ, ಇವತ್ತು ಟವೆಲ್ ಉಳಿಯಿತು ಎಂದು ನನಗೆ ಖುಷಿಯೇ ಆಯಿತು. ಇನ್ನೂ ನಾಲ್ಕು ಲೋಟ ಬೋರಲು ಹಾಕಿರಬೇಕು. ಆಮೇಲೆ ಕೈ ನಿಂತಿತು. ರಕ್ತ ಅಷ್ಟು ಬೇಗ ಯಾಕೆ ನಿಂತಿತು?

ಮಾತ್ರೆಗಳನ್ನು ನಾನೇ ಕೈಗೆ ಹಾಕುತ್ತಿದ್ದೆ. ಇವರು ಬಾಯಿಗೆ ಹಾಕಿಕೊಂಡು, ನೀರಿನ ಲೋಟ ಹಿಡಿದು, ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋಗುತ್ತಿದ್ದರು. ನಾನು ಕೋಲು ತೆಗೆದುಕೊಂಡು ತೆಂಗಿನ ಪಾತಿಯನ್ನು ಕೆದಕಿದೆ. ಒಣಗಿದ ಎಲೆಯ ಕೆಳಗೆ, ಒದ್ದೆ ಮಣ್ಣಿನಲ್ಲಿ, ಅರ್ಧ ಕರಗಿದ ಮಾತ್ರೆ ಸಿಕ್ಕಿತು. ಪಕ್ಕದಲ್ಲೇ ಇನ್ನೊಂದು. ನಮ್ಮ ತೆಂಗಿನ ಮರಕ್ಕೆ ಇನ್ನು ಹಾರ್ಟ್ ಅಟ್ಯಾಕ್ ಆಗುವುದಿಲ್ಲ, ಆ ಮಟ್ಟಿಗೆ ನಿಶ್ಚಿಂತೆ. ಇದನ್ನು ಈಗ ನಗುತ್ತಾ ಬರೆಯುತ್ತಿದ್ದೇನೆ. ಅವತ್ತು ಆ ಮಾತ್ರೆಗಳನ್ನು ಹಿಡಿದುಕೊಂಡು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಒಳಗೆ ಹೋಗಿ ಅಂಗೈಯಲ್ಲಿದ್ದ ಮಾತ್ರೆ ತೋರಿಸಿದೆ. ಹಾಲಿನಲ್ಲಿ ಬುದ್ಧನ ಪಟದ ಕೆಳಗೆ ಕುಳಿತು ಕಾಫಿ ಆರಿಸಿಕೊಳ್ಳುತ್ತಿದ್ದವರು ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣಲಿಲ್ಲ. ಕೂತ್ಕೊ, ಹೇಳ್ತೀನಿ ಎಂದು ಶಾಂತವಾಗಿ ಲೆಕ್ಕ ಒಪ್ಪಿಸಿದರು. ಒಳಗಿರುವುದು ಕಂಬಿ. ಮೇಲೆ ಬೆಳೆಯುವ ಪದರ ಕಾಂಕ್ರೀಟು. ಅದು ಗಟ್ಟಿಯಾಗುವ ತನಕ ಹೊತ್ತುಕೊಂಡಿರಲು ಕೊಟ್ಟ ಎರಡು ಮಾತ್ರೆ ಎರಡು ಕಂಬ. ತಾರಸಿಗೆ ಮೂರು ವಾರ ಅಂದರೆ ಎದೆಗೆ ಮೂರು ತಿಂಗಳು ಧಾರಾಳ. ವರ್ಷ ಅನ್ನುವುದು ಡಾಕ್ಟರು ಹೆದರಿ ಹೇಳುವ ಮಾತು. ಬಿಪಿ ಮಾತ್ರೆ, ಕೊಬ್ಬಿನ ಮಾತ್ರೆ ಬಿಟ್ಟಿಲ್ಲ, ನುಂಗುತ್ತಿದ್ದೇನೆ.

"ಕೂಡ್ಕೊಂಡದೆ ಕಣೇ. ಅದ್ಕೇ ಸೆಂಟ್ರಿಂಗ್ ಬಿಚ್ಬುಟ್ಟೆ."

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಿದ್ದೆಲ್ಲ ಅಂದುಬಿಡಬೇಕು ಅನ್ನಿಸಿತು. ಇಡೀ ಕ್ಲಾಸನ್ನು ಒಂದೇ ನೋಟದಲ್ಲಿ ಕೂರಿಸುತ್ತಿದ್ದವಳು ನಾನು. ಆದರೆ ಇವರ ಮುಖ ನೋಡಿದೆ. ಗದ್ದದ ಮೇಲೆ ಆ ಕೆಂಪು ಗೀರು ಒಣಗಿ ಕುಳಿತಿತ್ತು. ಇದೇ ರಕ್ತ, ಇಷ್ಟೇ ಬೇಗ, ಒಳಗೆ ಆ ಜಾಲರಿಯ ಮೇಲೂ ಗಟ್ಟಿಯಾಗಿ ಕುಳಿತರೆ? ಇವರಿಲ್ಲದ ಮನೆ ಕಣ್ಣ ಮುಂದೆ ಬಂತು.

ರೇಗದೆ, ಮೆಲ್ಲಗೆ ಹೇಳಿದೆ. "ಒಂಟಿಕೊಪ್ಪಲಿನ ಮನೆ ಜ್ಞಾಪಕ ಇದೆಯಾ? ಬಿಚ್ಚು ಅನ್ನೋದು ಮೇಸ್ತ್ರಿ, ಮನೆಯವನಲ್ಲ ಅಂತ ಹೊಸಿಲಲ್ಲಿ ಕೂತಿದ್ರಲ್ಲ. ಎದೆ ನಿಮ್ದು ಸ್ವಾಮಿ. ಸೆಂಟ್ರಿಂಗ್ ಡಾಕ್ಟ್ರದು."

ಇವರು ಲೋಟ ಕೆಳಗಿಟ್ಟರು.

"ಈ ತಾರಸಿ ಕೆಳಗೆ ನಿಂತಿರೋಳು ನಾನು ಕಣ್ರೀ," ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಇವರು ಎದ್ದು ಹೋಗಿ ಚಪ್ಪಲಿ ಹಾಕಿಕೊಂಡರು. ನಾನು ಕಣ್ಣೊರೆಸಿಕೊಂಡು, ಎಲ್ಲಿಗೆ ಎಂದು ಕೇಳಿದೆ. ಡಾಕ್ಟ್ರತ್ರ, ಬಾ ಎಂದರು. ಆಟೋದಲ್ಲಿ ಕೂತಷ್ಟು ಹೊತ್ತೂ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ ಇದ್ದರು. ಡಾಕ್ಟರು ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಏನೂ ಆಗಿರಲಿಲ್ಲ. ಆಗಬಹುದಿತ್ತು ಎಂದು ಡಾಕ್ಟರ ಮುಖವೇ ಹೇಳುತ್ತಿತ್ತು. ಮೊದಲ ಸಲ ಅವರಿಗೆ ಸಿಟ್ಟು ಬಂದದ್ದು ನೋಡಿದೆ. ನಾಳದೊಳಗೆ ಪದರ ಬೆಳೆಯುವುದನ್ನು ನಾನೂ ಹೊರಗಿಂದ ಕಾಣಲಾರೆ ಮೇಸ್ತ್ರಿಗಳೇ, ಅದಕ್ಕೇ ವರ್ಷ ಕಾಯುವುದು ಎಂದರು. ಅವತ್ತಿಗೆ ಎಷ್ಟು ಮಾತ್ರೆ, ನಾಳೆಯಿಂದ ಎಷ್ಟು ಎಂದು ಬೇರೆ ಬೇರೆ ಹೇಳಿ, ಮೊದಲನೆಯದನ್ನು ತಮ್ಮೆದುರೇ ನುಂಗಿಸಿದರು. ಇವರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು. ತಪ್ಪಾಯ್ತು ಸಾ, ಇನ್ನು ನೀವು ಬಿಚ್ಚು ಅನ್ನೋಗಂಟ ಮುಟ್ಟಲ್ಲ ಎಂದರು. ಇವರ ಬಾಯಲ್ಲಿ ತಪ್ಪಾಯ್ತು ಎನ್ನುವ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ನನಗೆ ಹೇಳಿದ್ದಲ್ಲ.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತು ಕಡಿಮೆ. ಮಾತ್ರೆ ಕೈಗೆ ಹಾಕಿ ನಾನು ಎದುರಿಗೇ ನಿಲ್ಲುತ್ತಿದ್ದೆ. ಇವರು ನುಂಗಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದರು. ಅದು ಅಣಕವೋ ವಿಧೇಯತೆಯೋ ನನಗೆ ಗೊತ್ತಾಗುತ್ತಿರಲಿಲ್ಲ. ನಂಬಿಕೆ ಒಂದು ಸಲ ಹೋದರೆ ಮತ್ತೆ ಬರುವುದು ನಿಧಾನ. ತೋರಿಸಿದ ಮೇಲೂ ನಾನು ಒಮ್ಮೆ ಹೋಗಿ ತೆಂಗಿನ ಪಾತಿ ನೋಡಿ ಬರುತ್ತಿದ್ದೆ.

ಒಂದು ಬೆಳಗ್ಗೆ ಅಡಿಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಹಿತ್ತಲಿನಿಂದ ಕೂಗಿದರು. ಟೀಚರಮ್ಮ ಎಂದ ದನಿಯಲ್ಲಿ ಸಿಟ್ಟು ಇರಲಿಲ್ಲ. ಒಲೆ ಸಣ್ಣ ಮಾಡಿ ಹೋದೆ. ರೇಜರ್ ಹಿಡಿದ ಕೈ ಪಕ್ಕಕ್ಕಿಟ್ಟು, ಗದ್ದ ನನ್ನ ಕಡೆ ಎತ್ತಿಕೊಂಡು ನಿಂತಿದ್ದರು. ಗುಳಿಯ ಹತ್ತಿರ ಸಣ್ಣ ಗೀರು. ಒರೆಸಿದರು, ರಕ್ತ ಮತ್ತೆ ಬಂತು. ಮತ್ತೆ ಒರೆಸಿದರು, ಮತ್ತೆ ಬಂತು. ಸೋಪಿನ ನೊರೆಯ ಮೇಲೆ ಕೆಂಪಗೆ ಇಳಿದು ಬನಿಯನ್ನಿನ ಮೇಲೆ ತೊಟ್ಟಿಕ್ಕಿತು.

"ನೋಡ್ಕೊ. ಕಂಬ ಕೊಟ್ಟಂಗೇ ಅದೆ," ಅಂದರು.

ಪಟಿಕ ತರಬೇಕಿತ್ತು. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. ನಾನು ಎರಡನ್ನೂ ಮರೆತು, ನಿಲ್ಲದ ಆ ರಕ್ತವನ್ನೇ ನೋಡುತ್ತಾ, ಹೊಟ್ಟೆ ತುಂಬಿದವಳ ಹಾಗೆ ಅಲ್ಲೇ ನಿಂತಿದ್ದೆ. ಆಮೇಲೆ ಸೆರಗಿನಲ್ಲೇ ಅವರ ಗದ್ದವನ್ನು ಒತ್ತಿ ಹಿಡಿದುಕೊಂಡೆ.